ಬೆಂಗಳೂರಿನಿಂದ ದೆಹಲಿಗೆ ಗುಲಾಬಿ: ವಿಮಾನದ ದೂರ ಮತ್ತು ಹೊತ್ತಿನ ಲೆಕ್ಕ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಚಿಕ್ಕಬಳ್ಳಾಪುರದ ಸುತ್ತಮುತ್ತ ಪಾಲಿಹೌಸ್‌ಗಳಲ್ಲಿ ಉದ್ದ ದಂಟಿನ ಗುಲಾಬಿ ಬೆಳೆಯುವ ರೈತರು ಅನೇಕರಿದ್ದಾರೆ. ಅವರ ಹೂವಿನಲ್ಲಿ ಒಂದು ಪಾಲು ವಿಮಾನದ ಮೂಲಕ ದೆಹಲಿಗೆ ಹೋಗುತ್ತದೆ. ಉತ್ತರ ಭಾರತದ ಮದುವೆಯ ಕಾಲದಲ್ಲಿಯೂ ಫೆಬ್ರವರಿ 14ಕ್ಕೆ ಮುಂಚಿನ ವಾರದಲ್ಲಿಯೂ ಅಲ್ಲಿ ಕೆಂಪು ಗುಲಾಬಿಗೆ ಬರುವ ಬೇಡಿಕೆ ಎಲ್ಲರಿಗೂ ತಿಳಿದದ್ದೇ. ಇಂಥ ರೈತರು ತರಬೇತಿಗೆ ಬಂದಾಗ ಗೊಬ್ಬರ, ಬೂದಿರೋಗ, ಜೇಡನುಸಿಗಳ ವಿಚಾರ ಮುಗಿದ ಮೇಲೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: "ಬೆಂಗಳೂರಿಗೂ ದೆಹಲಿಗೂ ವಿಮಾನದಲ್ಲಿ ಎಷ್ಟು ದೂರ? ಎಷ್ಟು ಹೊತ್ತಿನ ದಾರಿ?"

ಬೇಸಾಯಶಾಸ್ತ್ರ ಪಾಠ ಹೇಳುವವನಿಗೆ ಇದು ಹೊರಗಿನ ಪ್ರಶ್ನೆಯೆಂದು ತೋರಬಹುದು. ಆದರೆ ಕೊಯ್ದ ಹೂವೂ ಜೀವವಿರುವ ವಸ್ತುವೇ. ಗಿಡದಿಂದ ಬೇರೆಯಾದ ಗಳಿಗೆಯಿಂದ ಅದು ತನ್ನೊಳಗೆ ಕೂಡಿಟ್ಟ ಸಕ್ಕರೆಯನ್ನು ಖರ್ಚು ಮಾಡುತ್ತಾ ಹೋಗುತ್ತದೆ. ಆದುದರಿಂದ ದೂರ ಮತ್ತು ಹೊತ್ತಿನ ಲೆಕ್ಕ ಹೂ ಬೆಳೆಗಾರನಿಗೆ ಬಿತ್ತನೆಯ ಲೆಕ್ಕದಷ್ಟೇ ಮುಖ್ಯವಾದದ್ದು. ಈ ಪ್ರಶ್ನೆಗೆ ಉತ್ತರ ಒಂದೇ ಅಲ್ಲ. ನಕಾಶೆ ಒಂದನ್ನು ಹೇಳುತ್ತದೆ, ವೇಳಾಪಟ್ಟಿ ಇನ್ನೊಂದನ್ನು ಹೇಳುತ್ತದೆ, ಹೂವು ಮೂರನೆಯದನ್ನು ಹೇಳುತ್ತದೆ. ಮೂರನ್ನೂ ಕ್ರಮವಾಗಿ ನೋಡೋಣ.

ದೂರವನ್ನು ಅಳೆಯುವ ಬಗೆ

ಬೆಂಗಳೂರಿನಿಂದ ದೆಹಲಿಗೆ ರೈಲಿನ ದಾರಿ 2,300 ಕಿ.ಮೀ.ಗೂ ಹೆಚ್ಚು. ಹೈದರಾಬಾದು, ನಾಗಪುರ, ಆಗ್ರಾಗಳ ಮೂಲಕ ಹೋಗುವ ಹೆದ್ದಾರಿ 2,100 ಕಿ.ಮೀ. ಮೀರುತ್ತದೆ. ವಿಮಾನದ ದೂರ ಇವೆರಡಕ್ಕಿಂತಲೂ ಬಹಳ ಕಡಿಮೆ, ಸುಮಾರು 1,700 ಕಿ.ಮೀ. ರೈಲು ಮತ್ತು ಲಾರಿಗಳು ಊರು ಹುಡುಕಿಕೊಂಡು, ಘಟ್ಟ ಹೊಳೆಗಳನ್ನು ಬಳಸಿಕೊಂಡು ಹೋಗಬೇಕು. ವಿಮಾನಕ್ಕೆ ಆ ತೊಡಕಿಲ್ಲ.

ಈ 1,700ನ್ನು ಯಾರೋ ಹೇಳಿದರೆಂದು ನಂಬಬೇಕಾಗಿಲ್ಲ, ಮಕ್ಕಳ ಶಾಲೆಯ ಭೂಪಟವಿದ್ದರೆ ಮನೆಯಲ್ಲಿಯೇ ಲೆಕ್ಕ ಮಾಡಬಹುದು. ದೇವನಹಳ್ಳಿ ಬಳಿಯ ವಿಮಾನ ನಿಲ್ದಾಣವಿರುವುದು ಉತ್ತರ ಅಕ್ಷಾಂಶ 13 ಡಿಗ್ರಿ 12 ಮಿನಿಟಿನಲ್ಲಿ. ದೆಹಲಿಯ ನಿಲ್ದಾಣವಿರುವುದು 28 ಡಿಗ್ರಿ 34 ಮಿನಿಟಿನಲ್ಲಿ. ಪಂಚಾಂಗ ನೋಡುವವರು ಇವನ್ನೇ ಅಂಶ, ಕಲೆ ಎನ್ನುತ್ತಾರೆ. ಗಡಿಯಾರದ ನಿಮಿಷದೊಡನೆ ಗೊಂದಲವಾಗದಿರಲೆಂದು ನಾವೂ ಕಲೆ ಎಂದೇ ಕರೆಯೋಣ. ಎರಡು ಸ್ಥಳಗಳ ನಡುವಣ ಅಂತರ 15 ಅಂಶ 22 ಕಲೆ. ಅಂಶಕ್ಕೆ 60 ಕಲೆಯಂತೆ ಒಟ್ಟು 922 ಕಲೆ. ಹಡಗು ಮತ್ತು ವಿಮಾನ ನಡೆಸುವವರು ಬಳಸುವ ನಾವಿಕ ಮೈಲಿ ಹುಟ್ಟಿದ್ದೇ ಈ ಕಲೆಯಿಂದ. ಉತ್ತರ ದಕ್ಷಿಣವಾಗಿ ಒಂದು ಕಲೆ ನಡೆದರೆ ಒಂದು ನಾವಿಕ ಮೈಲಿ, ಅಂದರೆ 1.852 ಕಿ.ಮೀ. ಈಗ 922ನ್ನು 1.852ರಿಂದ ಗುಣಿಸಿದರೆ 1,707 ಬರುತ್ತದೆ. ಭೂಮಿ ಪೂರ್ತಿ ಗುಂಡಗಿಲ್ಲ. ನಮ್ಮ ಕಡೆಯ ಕಲೆ ಧ್ರುವದ ಕಡೆಯದಕ್ಕಿಂತ ಒಂದು ಕೂದಲೆಳೆ ಚಿಕ್ಕದು. ಆ ಸಣ್ಣ ವ್ಯತ್ಯಾಸವನ್ನು ಕಳೆದರೆ 1,700ರ ಹತ್ತಿರಕ್ಕೆ ಬಂದು ನಿಲ್ಲುತ್ತದೆ.

ಈ ಲೆಕ್ಕ ಇಷ್ಟು ಸುಲಭವಾದದ್ದಕ್ಕೆ ಕಾರಣ, ಬೆಂಗಳೂರಿಗೆ ದೆಹಲಿ ಹೆಚ್ಚು ಕಡಿಮೆ ನೇರ ಉತ್ತರಕ್ಕಿರುವುದು. ರೇಖಾಂಶದಲ್ಲಿ ಇವುಗಳ ನಡುವೆ ಕೇವಲ 36 ಕಲೆಯ ವ್ಯತ್ಯಾಸವಿದೆ. ಪೂರ್ವ ಪಶ್ಚಿಮವಾಗಿ ಬಹಳ ದೂರವಿರುವ ಊರುಗಳಿಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಶಾಲೆಯ ಭೂಗೋಳದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದು ಅಳೆಯಬೇಕು. ಗೋಡೆಯ ನಕಾಶೆಯ ಮೇಲೆ ಕಡ್ಡಿಯಿಟ್ಟು ಅಳೆದರೆ ತಪ್ಪು ಬರುತ್ತದೆ.

ಇಲ್ಲಿಯೇ ಇನ್ನೊಂದು ಸಂಗತಿ ಹೇಳಬೇಕು. 2008ರ ಮೇ ತಿಂಗಳವರೆಗೆ ನಾಗರಿಕ ವಿಮಾನಗಳು ಹಳೆಯ ಎಚ್.ಎ.ಎಲ್. ನಿಲ್ದಾಣದಿಂದ ಹೊರಡುತ್ತಿದ್ದವು. ಅದು ಇರುವುದು 12 ಅಂಶ 57 ಕಲೆಯಲ್ಲಿ. ನಿಲ್ದಾಣ ದೇವನಹಳ್ಳಿಗೆ ಬಂದಾಗ 15 ಕಲೆ ಉತ್ತರಕ್ಕೆ ಸರಿಯಿತು. ಹೀಗೆ ದೆಹಲಿ ಸುಮಾರು 28 ಕಿ.ಮೀ. ಹತ್ತಿರವಾಯಿತು. ವಿಮಾನಕ್ಕೆ 28 ಕಿ.ಮೀ. ಎಂದರೆ ಎರಡು ನಿಮಿಷದ ಮಾತು. ಆದರೆ ದೊಡ್ಡಬಳ್ಳಾಪುರದ ಬೆಳೆಗಾರ ಅದಕ್ಕೆ ಮುಂಚೆ ಬೆಂಗಳೂರು ಪೇಟೆಯ ಗಾಡಿಗಳ ನಡುವೆ ನುಸುಳಿ ಹೂ ಸಾಗಿಸಬೇಕಾಗಿತ್ತು, ಆ ಕಷ್ಟ ಅವನಿಗೆ ತಪ್ಪಿತು. ಆನೇಕಲ್, ಹೊಸೂರು ಕಡೆಯ ಬೆಳೆಗಾರನಿಗೆ ಅದೇ ಕಷ್ಟ ಹೊಸದಾಗಿ ಬಂತು. ನಿಲ್ದಾಣ ಒಂದೇ, ಸರಿದ ದೂರ ಒಂದೇ. ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ. ಇಬ್ಬರಿಗೂ ಹೆಚ್ಚು ಕಡಿಮೆಯಾದದ್ದು ಆಕಾಶದ ದಾರಿಯಿಂದಲ್ಲ, ರಸ್ತೆಯಿಂದ.

ಎರಡು ಗಂಟೆಯ ದಾರಿ ಎರಡೂಮುಕ್ಕಾಲು ಆಗುವುದೇಕೆ?

ಈ ಮಾರ್ಗದಲ್ಲಿ ಓಡಾಡುವ ಜೆಟ್ ವಿಮಾನಗಳು ಎತ್ತರದಲ್ಲಿ ಗಂಟೆಗೆ ಸುಮಾರು 830 ರಿಂದ 850 ಕಿ.ಮೀ. ವೇಗದಲ್ಲಿ ಹಾರುತ್ತವೆ. 1,700ನ್ನು 850ರಿಂದ ಭಾಗಿಸಿದರೆ ಎರಡು ಗಂಟೆ. ಆದರೆ ವೇಳಾಪಟ್ಟಿಯಲ್ಲಿ ಎರಡೂಮುಕ್ಕಾಲು ಗಂಟೆಯ ಆಸುಪಾಸು ನಮೂದಾಗಿರುತ್ತದೆ. ಉಳಿದ ಮುಕ್ಕಾಲು ಗಂಟೆ ಎಲ್ಲಿ ಹೋಯಿತು?

ಮೊದಲನೆಯದಾಗಿ, ವೇಳಾಪಟ್ಟಿಯ ಕಾಲವೆಂದರೆ ನೆಲ ಬಿಟ್ಟು ನೆಲ ಮುಟ್ಟುವವರೆಗಿನ ಕಾಲವಲ್ಲ. ನಿಂತ ವಿಮಾನದ ಚಕ್ರಕ್ಕೆ ಇಟ್ಟ ಅಡೆಯನ್ನು ತೆಗೆದ ಗಳಿಗೆಯಿಂದ, ಆ ತುದಿಯಲ್ಲಿ ಮತ್ತೆ ಅಡೆ ಕೊಡುವ ಗಳಿಗೆಯವರೆಗಿನ ಕಾಲ. ಓಡುದಾರಿಯ ತುದಿಗೆ ಉರುಳಿಕೊಂಡು ಹೋಗುವುದು, ಮುಂದಿನ ವಿಮಾನಗಳ ಹಿಂದೆ ಸಾಲುಗಟ್ಟಿ ಕಾಯುವುದು, ಇಳಿದ ಮೇಲೆ ನಿಲ್ಲುವ ಜಾಗ ಸೇರುವುದು, ಇವೆಲ್ಲ ಅದರಲ್ಲಿ ಸೇರುತ್ತವೆ. ದೆಹಲಿಯಂಥ ದೊಡ್ಡ ನಿಲ್ದಾಣದಲ್ಲಿ ಇಳಿದ ಮೇಲೂ ಬಹಳ ಹೊತ್ತು ಉರುಳುವುದುಂಟು.

ಎರಡನೆಯದಾಗಿ, ವಿಮಾನ ಮೇಲೇರುವಾಗಲೂ ಇಳಿಯುವಾಗಲೂ ಪೂರ್ಣ ವೇಗದಲ್ಲಿರುವುದಿಲ್ಲ. ಏರಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು. ಇಳಿಯುವುದನ್ನು ಸುಮಾರು 200 ಕಿ.ಮೀ. ದೂರದಲ್ಲಿಯೇ ಆರಂಭಿಸಬೇಕು.

ಮೂರನೆಯದು ನಮ್ಮ ರೈತರಿಗೆ ಸುಲಭವಾಗಿ ತಿಳಿಯುವಂಥದ್ದು. ದೆಹಲಿ ಇರುವುದು ಉತ್ತರಕ್ಕೆ. ಆದರೆ ಬೆಂಗಳೂರಿನ ಓಡುದಾರಿಗಳು ಪೂರ್ವ ಪಶ್ಚಿಮವಾಗಿವೆ, ದೆಹಲಿಯವೂ ಬಹುಮಟ್ಟಿಗೆ ಹಾಗೆಯೇ. ತೂರುವಾಗ ಗಾಳಿ ನೋಡಿ ನಿಲ್ಲುವಂತೆ ವಿಮಾನವೂ ಗಾಳಿಗೆ ಎದುರಾಗಿಯೇ ಏರಬೇಕು, ಎದುರಾಗಿಯೇ ಇಳಿಯಬೇಕು. ಮುಂಗಾರಿನ ಪಡುವಣ ಗಾಳಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಎದ್ದು, ಹಿಂಗಾರಿನ ಮೂಡಣ ಗಾಳಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಎದ್ದು, ಅನಂತರ ಉತ್ತರಕ್ಕೆ ತಿರುಗುತ್ತದೆ. ದೆಹಲಿಯಲ್ಲಿ ಮತ್ತೆ ಅಡ್ಡ ತಿರುಗಬೇಕು. ಇದರ ಮೇಲೆ ಆಕಾಶದಲ್ಲಿ ಗೊತ್ತು ಮಾಡಿದ ಮಾರ್ಗಗಳಿವೆ, ಅವನ್ನು ಬಿಟ್ಟು ಮನಬಂದಂತೆ ಹಾರುವಂತಿಲ್ಲ. ಹೀಗೆ ನಿಜವಾಗಿ ಹಾರುವ ದೂರ 1,700ಕ್ಕಿಂತ ಹತ್ತಾರು ಕಿ.ಮೀ. ಹೆಚ್ಚೇ ಆಗುತ್ತದೆ.

ಒಂದು ಕಂಪನಿ 2 ಗಂಟೆ 40 ನಿಮಿಷವೆಂದೂ ಇನ್ನೊಂದು 2 ಗಂಟೆ 55 ನಿಮಿಷವೆಂದೂ ತೋರಿಸಿದರೆ ಮೊದಲನೆಯದರ ವಿಮಾನ ಹೆಚ್ಚು ವೇಗದ್ದೆಂದು ತಿಳಿಯತಕ್ಕದ್ದಲ್ಲ. ದಟ್ಟಣೆಯ ಹೊತ್ತಿನಲ್ಲಿ ಇಳಿಯುವ ವಿಮಾನಕ್ಕೆ ಮೊದಲೇ ಹತ್ತಿಪ್ಪತ್ತು ನಿಮಿಷ ಸೇರಿಸಿ ಬರೆದಿರುತ್ತಾರೆ, ಅಷ್ಟೆ.

ಗಡಿಯಾರ ಮಾಡುವ ಮೋಸ

ದುಬೈಗೆ ಹೂವು ತರಕಾರಿ ಕಳುಹಿಸುವ ಯೋಚನೆಯುಳ್ಳವರು ಇನ್ನೊಂದು ಎಚ್ಚರಿಕೆ ವಹಿಸಬೇಕು. ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿ.ಮೀ. ದೂರವಿದ್ದು ಹೆಚ್ಚು ಕಡಿಮೆ ನಾಲ್ಕು ಗಂಟೆ ಹಿಡಿಯುತ್ತದೆ. ಆದರೆ ವೇಳಾಪಟ್ಟಿ ನೋಡಿದರೆ ಬೆಳಿಗ್ಗೆ 10 ಗಂಟೆಗೆ ಹೊರಟ ವಿಮಾನ ಮಧ್ಯಾಹ್ನ 12-30ಕ್ಕೆ ಸೇರಿದಂತೆ ಕಾಣುತ್ತದೆ. "ದೆಹಲಿಯಷ್ಟೇ ದೂರವಾಯಿತಲ್ಲ" ಎಂದು ಒಬ್ಬರು ನನ್ನೊಡನೆ ವಾದಿಸಿದ್ದುಂಟು. ವೇಳಾಪಟ್ಟಿಯಲ್ಲಿ ಆಯಾ ಊರಿನ ಗಡಿಯಾರದ ಕಾಲವನ್ನೇ ಬರೆಯುವುದು ವಾಡಿಕೆ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿದೆ. ಎರಡೂವರೆಗೆ ಒಂದೂವರೆ ಕೂಡಿಸಿದರೆ ನಾಲ್ಕು. ಅಲ್ಲಿಂದ ಹಿಂದಕ್ಕೆ ಬರುವಾಗ ಇದೇ ಒಂದೂವರೆ ಗಂಟೆಯನ್ನು ಕಳೆಯಬೇಕು.

ಹೋಗುವ ಕಾಲಕ್ಕೂ ಬರುವ ಕಾಲಕ್ಕೂ ನಿಜವಾದ ವ್ಯತ್ಯಾಸವೂ ಇದೆ. ಚಳಿಗಾಲದಲ್ಲಿ ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತಿರುತ್ತದೆ. ಹೊಳೆಗೆ ಎದುರಾಗಿ ಹರಿಗೋಲು ಹಾಕಿದಂತೆ ದುಬೈಗೆ ಹೋಗುವ ವಿಮಾನ ನಿಧಾನವಾಗುತ್ತದೆ, ಬರುವ ವಿಮಾನ ಬೇಗ ಬರುತ್ತದೆ. ಮುಂಗಾರಿನಲ್ಲಿ ದಕ್ಷಿಣ ಭಾರತದ ಮೇಲೆ ಬಹಳ ಎತ್ತರದಲ್ಲಿ ಗಾಳಿ ತಿರುವುಮುರುವಾಗಿ ಪೂರ್ವದಿಂದ ಬೀಸುತ್ತದೆ. ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಅವರು 1950ರ ದಶಕದಲ್ಲಿ ವಿವರಿಸಿದ ಪ್ರವಾಹ ಇದೇ. ದೆಹಲಿಯ ಮಾರ್ಗಕ್ಕೆ ಈ ಎರಡು ಗಾಳಿಗಳೂ ಬಹುಮಟ್ಟಿಗೆ ಅಡ್ಡಗಾಳಿಗಳಾದುದರಿಂದ ಹೋಗಿಬರುವ ಕಾಲದಲ್ಲಿ ಅಷ್ಟು ಹೆಚ್ಚು ಕಡಿಮೆಯಿಲ್ಲ.

ಹೂವಿನ ಗಡಿಯಾರ

ಇಷ್ಟು ಹೇಳಿದ ಮೇಲೆ ಮುಖ್ಯ ವಿಷಯಕ್ಕೆ ಬರೋಣ. ಮನುಷ್ಯರ ಗಡಿಯಾರ ಚಳಿಯಲ್ಲಿಯೂ ಸೆಕೆಯಲ್ಲಿಯೂ ಒಂದೇ ಸಮನೆ ಓಡುತ್ತದೆ. ಹೂವಿನದು ಹಾಗಲ್ಲ. ಉಷ್ಣತೆ ಹತ್ತು ಡಿಗ್ರಿ ಸೆಂಟಿಗ್ರೇಡ್ ಏರಿದರೆ ಕೊಯ್ದ ಹೂವಿನ ಉಸಿರಾಟದ ವೇಗ ಎರಡರಿಂದ ಮೂರು ಪಟ್ಟಾಗುತ್ತದೆ. ಉಸಿರಾಟ ಹೆಚ್ಚಿದಷ್ಟೂ ಸಕ್ಕರೆ ಬೇಗ ತೀರುತ್ತದೆ, ಹೂವು ಬೇಗ ಮುಪ್ಪಾಗುತ್ತದೆ.

ಲೆಕ್ಕಕ್ಕೆ ಅನುಕೂಲವಾಗಲೆಂದು ಎರಡೂವರೆ ಪಟ್ಟು ಎಂದಿಟ್ಟುಕೊಳ್ಳೋಣ. ಗುಲಾಬಿ 2 ಡಿಗ್ರಿಯಲ್ಲಿ ಒಂದು ಗಂಟೆ ಇದ್ದರೆ ಎಷ್ಟು ಮುಪ್ಪಾಗುತ್ತದೋ ಅದನ್ನು ಒಂದು 'ಹೂವಿನ ಗಂಟೆ' ಎಂದು ಕರೆಯೋಣ. ಆಗ 12 ಡಿಗ್ರಿಯಲ್ಲಿ ಕಳೆದ ಒಂದು ಗಂಟೆ ಎರಡೂವರೆ ಹೂವಿನ ಗಂಟೆಗೆ ಸಮ. 17 ಡಿಗ್ರಿಯಲ್ಲಿ ನಾಲ್ಕು, 22 ಡಿಗ್ರಿಯಲ್ಲಿ ಸುಮಾರು ಆರು, 27 ಡಿಗ್ರಿಯಲ್ಲಿ ಹತ್ತು, 32 ಡಿಗ್ರಿಯಲ್ಲಿ ಹದಿನೈದಕ್ಕೂ ಹೆಚ್ಚು. ಇದು ಒರಟು ಲೆಕ್ಕ. ತಳಿಯಿಂದ ತಳಿಗೆ ವ್ಯತ್ಯಾಸವುಂಟು. ಹೂವು ನೀರಿನಲ್ಲಿ ನಿಂತಿದೆಯೋ ಒಣಗಿ ಪೆಟ್ಟಿಗೆಯಲ್ಲಿದೆಯೋ ಎಂಬುದರಿಂದಲೂ ವ್ಯತ್ಯಾಸವುಂಟು. ಆದರೂ ಯಾವ ಕಡೆ ನಷ್ಟವಾಗುತ್ತಿದೆ ಎಂದು ತಿಳಿಯಲು ಇಷ್ಟು ಸಾಕು.

ಈಗ ಒಂದು ದಿನದ ರವಾನೆಯನ್ನು ಕೊಯ್ಲಿನಿಂದ ಮಂಡಿಯವರೆಗೆ ಲೆಕ್ಕ ಹಾಕಿ ನೋಡೋಣ. ಬೆಳಿಗ್ಗೆ ಆರೂವರೆಗೆ ಕೊಯ್ದ ಹೂವು ಬಕೆಟ್ಟಿನಲ್ಲಿ ಪಾಲಿಹೌಸ್‌ನೊಳಗೆ ಒಂದು ಗಂಟೆ, 22 ಡಿಗ್ರಿ: 6 ಹೂವಿನ ಗಂಟೆ. ದಂಟಿನ ಉದ್ದ ನೋಡಿ ವಿಂಗಡಿಸಿ ಇಪ್ಪತ್ತರ ಕಟ್ಟು ಕಟ್ಟುವ ಕೊಠಡಿಯಲ್ಲಿ ಮೂರು ಗಂಟೆ, ಅದೇ ಉಷ್ಣತೆ: 18. ಅನಂತರ ಶೀತಲಗೃಹದಲ್ಲಿ ಸಂಜೆ ಆರೂವರೆಯವರೆಗೆ ಎಂಟು ಗಂಟೆ: 8. ಸಾದಾ ವ್ಯಾನಿನಲ್ಲಿ ನಿಲ್ದಾಣಕ್ಕೆ ಒಂದೂವರೆ ಗಂಟೆ, ಪೆಟ್ಟಿಗೆಯೊಳಗೆ ಸರಾಸರಿ 12 ಡಿಗ್ರಿ: 4. ಸರಕನ್ನು ವಿಮಾನ ಹೊರಡುವುದಕ್ಕೆ ಎರಡು ಮೂರು ಗಂಟೆ ಮೊದಲೇ ಒಪ್ಪಿಸಬೇಕಷ್ಟೆ. ಆ ಮೂರು ಗಂಟೆ ಹೊರಗೇ ಇದ್ದರೆ, 22 ಡಿಗ್ರಿಯಲ್ಲಿ: 18. ರಾತ್ರಿ 11ಕ್ಕೆ ಹೊರಟ ವಿಮಾನದಲ್ಲಿ 2 ಗಂಟೆ 55 ನಿಮಿಷ, 17 ಡಿಗ್ರಿ: 12. ದೆಹಲಿಯಲ್ಲಿ ಸರಕು ಇಳಿಸಿ, ಕಾಗದ ಪತ್ರ ಮುಗಿಸಿ, ಕೈಗೆ ಬರಲು ಮೂರು ಗಂಟೆ: 18. ಗಾಜಿಪುರದ ಹೂವಿನ ಮಂಡಿಗೆ ಒಂದು ಗಂಟೆ: 6.

ಒಟ್ಟು 23 ಗಂಟೆಗಿಂತ ಸ್ವಲ್ಪ ಹೆಚ್ಚು ಕಾಲ, 90 ಹೂವಿನ ಗಂಟೆ. ಇದರಲ್ಲಿ 1,700 ಕಿ.ಮೀ. ಹಾರಿದ್ದಕ್ಕೆ ಖರ್ಚಾದದ್ದು 12. ವಿಂಗಡಣೆಯ ಕೊಠಡಿಯಿಂದ ಹೂವು ಒಂದು ಅಡಿಯೂ ಮುಂದೆ ಹೋಗಲಿಲ್ಲ, ಅಲ್ಲಿ ಖರ್ಚಾದದ್ದು 18. ಹದಿನೈದು ನಿಮಿಷ ಕಡಿಮೆ ಹಾರುವ ವಿಮಾನ ಹುಡುಕಿದರೆ ಒಂದು ಹೂವಿನ ಗಂಟೆ ಉಳಿಯುತ್ತದೆ. ವಿಂಗಡಿಸಲು ಇನ್ನಿಬ್ಬರು ಆಳುಗಳನ್ನು ಹಾಕಿ ಮೂರು ಗಂಟೆಯ ಕೆಲಸವನ್ನು ಒಂದೂವರೆ ಗಂಟೆಯಲ್ಲಿ ಮುಗಿಸಿದರೆ ಒಂಬತ್ತು ಉಳಿಯುತ್ತದೆ. ನಿಲ್ದಾಣದಲ್ಲಿ ಕಾಯುವ ಮೂರು ಗಂಟೆಯನ್ನು ಹೊರಗಿನ ಕಟ್ಟೆಯ ಮೇಲೆ ಕಳೆಯದೆ ಬೇಗ ಕೆಡುವ ಸರಕಿಗೆಂದೇ ಇರುವ ಶೀತಲಗೃಹದಲ್ಲಿ ಕಳೆದರೆ ಹದಿನಾಲ್ಕು ಉಳಿಯುತ್ತದೆ.

ವಿಮಾನದ ಹೊಟ್ಟೆ ತಾನೇ ತಣ್ಣಗಿರುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ಅಷ್ಟು ಎತ್ತರದಲ್ಲಿ ಹೊರಗೆ ಸೊನ್ನೆಗಿಂತ ನಲವತ್ತು ಡಿಗ್ರಿಗೂ ಕೆಳಗಿನ ಚಳಿ ಇರುವುದು ನಿಜ. ಆದರೆ ಪ್ರಯಾಣಿಕರ ವಿಮಾನದ ಸರಕು ಕೋಣೆ ಹೊರಗಿನ ಗಾಳಿಗೆ ತೆರೆದಿರುವುದಿಲ್ಲ. ಅದು ಶೀತಲಗೃಹವೂ ಅಲ್ಲ, ಒಲೆಯೂ ಅಲ್ಲ. ಬೆಚ್ಚಗೆ ಹೋದ ಹೂವು ಎರಡೂಮುಕ್ಕಾಲು ಗಂಟೆಯಲ್ಲಿ ತಣ್ಣಗಾಗಿ ಇಳಿಯುತ್ತದೆಂದು ನಿರೀಕ್ಷಿಸಬಾರದು. ಬಿಗಿಯಾಗಿ ತುಂಬಿದ ಪೆಟ್ಟಿಗೆಯೊಳಗೆ ಹೂವೇ ಉಸಿರಾಡಿ ಶಾಖ ಹುಟ್ಟಿಸುತ್ತಿರುತ್ತದೆ.

ಹದಿನೈದು ನಿಮಿಷ ಉಳಿಸಲು ಹೋಗಿ

ಈ ಲೆಕ್ಕವನ್ನು ನಾನು ಪುಸ್ತಕದಿಂದ ಎತ್ತಿ ಬರೆಯುತ್ತಿಲ್ಲ. ದೊಡ್ಡಬಳ್ಳಾಪುರ ಕಡೆಯ ಬೆಳೆಗಾರರೊಬ್ಬರು ಅರ್ಧ ಎಕರೆ ಪಾಲಿಹೌಸ್‌ನಲ್ಲಿ ತಾಜ್ ಮಹಲ್ ತಳಿಯ ಕೆಂಪು ಗುಲಾಬಿ ಬೆಳೆಯುತ್ತಾರೆ. ಬ್ಯಾಂಕಿನ ಸಾಲದ ಕಂತು ಹತ್ತಿರವಿತ್ತು. ಮಾರ್ಚ್ ತಿಂಗಳ ಕೊನೆಯ ಒಂದು ರವಾನೆಯನ್ನು ಅವರು ಎಂದಿನ ರಾತ್ರಿಯ ವಿಮಾನ ಬಿಟ್ಟು ಮಧ್ಯಾಹ್ನ ಒಂದೂವರೆಯ ವಿಮಾನಕ್ಕೆ ಹಾಕಿದರು. ಅದು ರಾತ್ರಿಯದಕ್ಕಿಂತ ಹದಿನೈದು ನಿಮಿಷ ಕಡಿಮೆ ಕಾಲ ತೆಗೆದುಕೊಳ್ಳುತ್ತದೆ, ಬೆಳಗಿನ ಹೂವು ಸಂಜೆಗೇ ದೆಹಲಿ ಸೇರುತ್ತದೆ ಎಂಬುದು ಅವರ ಎಣಿಕೆ. ಅದಕ್ಕಾಗಿ ಶೀತಲಗೃಹಕ್ಕೆ ಹಾಕದೆ ಒಂಬತ್ತೂವರೆಗೇ ಪೆಟ್ಟಿಗೆ ತುಂಬಿ ಕಳುಹಿಸಿದರು.

ಮೂರನೆಯ ದಿನ ಅವರು ನನ್ನ ಕೊಠಡಿಗೆ ಬಂದು ಕುಳಿತರು. "ಹೂವೆಲ್ಲ ಕೊರಳು ಬಾಗಿಸಿಬಿಟ್ಟಿದೆ ಅಂತ ಫೋನ್ ಬಂತು ಸ್ವಾಮಿ. ವಿಮಾನದ ಬಾಡಿಗೆಯೂ ಹುಟ್ಟಲಿಲ್ಲ. ನೋಡಿದರೆ ನಾನು ಹತ್ತಿರದ ದಾರಿ ಹಿಡಿದಿದ್ದೆ" ಎಂದರು.

ಇಬ್ಬರೂ ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಕೊಯ್ಲು, ವಿಂಗಡಣೆ, ತುಂಬುವಿಕೆಗೆ ಮೂರು ಗಂಟೆ, 18. ವ್ಯಾನಿನಲ್ಲಿಯೂ ನಿಲ್ದಾಣದ ಹೊರಗಟ್ಟೆಯಲ್ಲಿಯೂ ನಾಲ್ಕು ಗಂಟೆ, ನಡುಹಗಲಿನ 27 ಡಿಗ್ರಿ, 40. ವಿಮಾನದಲ್ಲಿ ಬೆಚ್ಚಗಿನ ಪೆಟ್ಟಿಗೆಗಳು, 16. ದೆಹಲಿಯಲ್ಲಿ ಸಂಜೆಯ ಬಿಸಿಲಿನಲ್ಲಿ ಇಳಿದು ಕೈಗೆ ಬರಲು ಎರಡು ಗಂಟೆ, 20. ಅಲ್ಲಿಯವರೆಗೆ 94 ಆಯಿತು. ರಾತ್ರಿಯ ವಿಮಾನದ ಹೂವು ಮಂಡಿಯ ಬಾಗಿಲಿಗೆ ಹೋಗಿ ನಿಂತಾಗಿನ ಒಟ್ಟು ಮೊತ್ತವನ್ನು ಇದು ವಿಮಾನ ನಿಲ್ದಾಣದಲ್ಲಿಯೇ ಮೀರಿತ್ತು.

"ಆಮೇಲೆ ಎಲ್ಲಿಟ್ಟಿದ್ದರು?" ಎಂದು ಕೇಳಿದೆ. ಅವರಿಗೆ ತಿಳಿದಿರಲಿಲ್ಲ. ಅಲ್ಲಿಂದಲೇ ಫೋನ್ ಮಾಡಿ ದಲ್ಲಾಳಿಯನ್ನು ವಿಚಾರಿಸಿದರು. ಹೂವಿನ ಮಂಡಿ ನಡೆಯುವುದು ಬೆಳಗಿನ ಜಾವ. ಸಂಜೆ ಆರಕ್ಕೆ ಬಂದ ಪೆಟ್ಟಿಗೆಗಳನ್ನು ಸಾದಾ ಕೋಣೆಯೊಂದರಲ್ಲಿ ಒಂದರ ಮೇಲೊಂದು ಪೇರಿಸಿ ರಾತ್ರಿಯಿಡೀ ಇಟ್ಟಿದ್ದರು. ಹನ್ನೊಂದು ಗಂಟೆ, 66. ಮಂಡಿಗೆ ಸಾಗಿಸಿದ್ದು 6. ಒಟ್ಟು 166. ಬೆಳೆಗಾರರು ಆ ಮೊತ್ತವನ್ನು ಬಹಳ ಹೊತ್ತು ನೋಡುತ್ತಾ ಕುಳಿತರು.

ಅವರು ಹಿಡಿದದ್ದು ಕಡಿಮೆ ಹೊತ್ತಿನ ವಿಮಾನವೇ. ಅದು ಸರಿಯಾದ ಹೊತ್ತಿಗೆ ಇಳಿದದ್ದೂ ನಿಜ. ಆದರೆ ದೆಹಲಿಯ ಮಂಡಿ ಬೆಳಗಿನ ಜಾವಕ್ಕೇ ತೆರೆಯುವುದರಿಂದ, ಸಂಜೆ ಸೇರಿದ ಹೂವಿಗೂ ನಡುರಾತ್ರಿ ಸೇರಿದ ಹೂವಿಗೂ ಮಾರಾಟದ ಗಳಿಗೆ ಒಂದೇ. ಆದುದರಿಂದ ವಿಮಾನವನ್ನು ಆರಿಸುವಾಗ ಮಂಡಿಯ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತಾ ಬರಬೇಕು. ಮಂಡಿಗೆ ಐದೂಮುಕ್ಕಾಲು ಎಂದರೆ ಕೈಗೆ ಬರುವುದು ನಾಲ್ಕೂಮುಕ್ಕಾಲು, ಇಳಿಯುವುದು ಎರಡರ ಸುಮಾರು, ಹೊರಡುವುದು ಹನ್ನೊಂದು, ನಿಲ್ದಾಣ ಮುಟ್ಟುವುದು ಎಂಟು. ಅಲ್ಲಿಯವರೆಗೆ ಹೂವು ನಮ್ಮ ತೋಟದ ಶೀತಲಗೃಹದಲ್ಲಿರಬೇಕು. ಕಾಯುವುದು ಹೇಗೂ ತಪ್ಪಿದ್ದಲ್ಲ, ನಮ್ಮಲ್ಲಿಯೇ ತಣ್ಣಗೆ ಕಾಯಲಿ.

ತಣಿಸುವ ವಿಷಯದಲ್ಲಿ ಒಂದು ಮಾತು. ಪೆಟ್ಟಿಗೆ ತುಂಬಿ ಮುಚ್ಚಿದ ಮೇಲೆ ಶೀತಲಗೃಹಕ್ಕೆ ಹಾಕಿದರೆ ಒಳಗಿನ ಹೂವು ತಣ್ಣಗಾಗಲು ಬಹಳ ಗಂಟೆಗಳು ಬೇಕು. ರಟ್ಟು ಕಂಬಳಿಯಂತೆ ಶಾಖವನ್ನು ಹಿಡಿದಿಡುತ್ತದೆ. ಕಟ್ಟುಗಳನ್ನು ಮೊದಲು ಶುದ್ಧ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ 2 ರಿಂದ 4 ಡಿಗ್ರಿಗೆ ತಣಿಸಿ, ಆ ಮೇಲೆ ಶೀತಲಗೃಹದೊಳಗೇ ಪೆಟ್ಟಿಗೆ ತುಂಬಬೇಕು. ಪೆಟ್ಟಿಗೆಯ ಎರಡು ತುದಿಗಳಲ್ಲಿ ರಂಧ್ರಗಳಿದ್ದು, ಫ್ಯಾನಿನಿಂದ ತಣ್ಣನೆಯ ಗಾಳಿಯನ್ನು ಅವುಗಳ ಮೂಲಕ ಎಳೆಯುವ ಏರ್ಪಾಡಿದ್ದರೆ ತುಂಬಿದ ಪೆಟ್ಟಿಗೆಯನ್ನೂ ಬೇಗನೆ ತಣಿಸಬಹುದು. ನಾಲ್ಕಾರು ಬೆಳೆಗಾರರು ಸೇರಿ ಇಂಥ ಏರ್ಪಾಡು ಮಾಡಿಕೊಂಡರೆ ಒಬ್ಬೊಬ್ಬರ ಮೇಲೆ ಬೀಳುವ ಹೊರೆ ಕಡಿಮೆ. ಅದೇ ವ್ಯಾನಿನಲ್ಲಿ ಮಾಗಿದ ಮಾವು, ಬಾಳೆಗಳನ್ನು ಹೇರಕೂಡದು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಹೂವಿಗೆ ಹಾನಿಕರ.

ಬಾಡಿಗೆ ತೂಕಕ್ಕೋ ಜಾಗಕ್ಕೋ?

ದೂರ ಹೆಚ್ಚಿದಷ್ಟೂ ಬಾಡಿಗೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆಂದು ತಿಳಿಯಬಾರದು. ಸರಕು ಏರಿಸಿ ಇಳಿಸುವ ಖರ್ಚು ಹತ್ತಿರದ ಊರಿಗೂ ದೂರದ ಊರಿಗೂ ಒಂದೇ. ಬೆಳೆಗಾರನ ಕೈಯಲ್ಲಿರುವುದು ಪೆಟ್ಟಿಗೆಯ ಅಳತೆ. ವಿಮಾನದಲ್ಲಿ ತೂಕದಷ್ಟೇ ಜಾಗಕ್ಕೂ ಬೆಲೆಯಿದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಗಾತ್ರದ ತೂಕವೆಂದು ಕಿ.ಗ್ರಾಂ.ನಲ್ಲಿ ಲೆಕ್ಕ ಹಿಡಿಯುವುದು ವಿಮಾನ ಸರಕಿನಲ್ಲಿ ರೂಢಿಯಲ್ಲಿರುವ ಕ್ರಮ. ನಿಜವಾದ ತೂಕ, ಗಾತ್ರದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ.

ಉದಾಹರಣೆಗೆ, 100 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಪೆಟ್ಟಿಗೆಯ ಗಾತ್ರದ ತೂಕ 20 ಕಿ.ಗ್ರಾಂ. ಹೂವು ತುಂಬಿದ ಮೇಲೆ ತಕ್ಕಡಿಯಲ್ಲಿ 15 ಕಿ.ಗ್ರಾಂ. ತೂಗಿದರೂ ಬಾಡಿಗೆ ಕೊಡುವುದು 20ಕ್ಕೆ. ಐದು ಕಿ.ಗ್ರಾಂ. ಗಾಳಿಗೆ ಬಾಡಿಗೆ ಕೊಟ್ಟಂತೆ. ದಂಟಿನ ಉದ್ದಕ್ಕೆ ಸರಿಹೊಂದುವ ಪೆಟ್ಟಿಗೆ ಮಾಡಿಸಿಕೊಂಡರೆ ಇದನ್ನು ಉಳಿಸಬಹುದು. ಹಾಗೆಂದು ಹೂವಿನ ತಲೆ ಜಜ್ಜುವಷ್ಟು ಒತ್ತಿ ತುಂಬಬಾರದು.

ಚಳಿಗಾಲದ ಮಂಜು

ಮೇಲೆ ಹೇಳಿದ ರಾತ್ರಿಯ ವಿಮಾನದ ಲೆಕ್ಕ ವರ್ಷವಿಡೀ ಸಲ್ಲುವುದಿಲ್ಲ. ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ದೆಹಲಿಯಲ್ಲಿ ನಡುರಾತ್ರಿಯಿಂದ ಬೆಳಿಗ್ಗೆ ಒಂಬತ್ತು ಹತ್ತು ಗಂಟೆಯವರೆಗೆ ದಟ್ಟವಾದ ಮಂಜು ಕವಿಯುವುದುಂಟು. ಕಡಿಮೆ ಬೆಳಕಿನಲ್ಲಿ ಇಳಿಸುವ ಉಪಕರಣಗಳು ಅಲ್ಲಿವೆಯಾದರೂ ವಿಮಾನಗಳು ಒಂದರ ಹಿಂದೊಂದು ನಿಧಾನವಾಗಿ ಇಳಿಯಬೇಕಾಗುತ್ತದೆ. ಕೆಲವು ಬೆಂಗಳೂರಿನಲ್ಲಿಯೇ ತಡವಾಗುತ್ತವೆ, ಕೆಲವು ದೆಹಲಿಯ ಮೇಲೆ ಸುತ್ತು ಹಾಕಿ ಜಯಪುರವನ್ನೋ ಲಖನೌವನ್ನೋ ಸೇರುತ್ತವೆ. ಎರಡೂಮುಕ್ಕಾಲು ಗಂಟೆಯ ದಾರಿ ಏಳೆಂಟು ಗಂಟೆಯಾದರೆ ಆ ಬೆಳಗಿನ ಮಂಡಿ ತಪ್ಪಿತು, ಮಾರನೆಯ ದಿನದವರೆಗೆ ಹೂವು ಕಾಯಬೇಕು.

ಈ ಕಾಲದಲ್ಲಿ ಮಾತ್ರ ಹಿಂದಿನ ದಿನ ಕೊಯ್ದು ತಣಿಸಿದ ಹೂವನ್ನು ಮಧ್ಯಾಹ್ನದ ವಿಮಾನಕ್ಕೆ ಹಾಕಿ, ಮಂಜು ಕವಿಯುವ ಮೊದಲೇ ದೆಹಲಿಯಲ್ಲಿ ಇಳಿಸುವುದು ಮೇಲು. ಒಂದು ರಾತ್ರಿ ಹೆಚ್ಚಿಗೆ ಹಿಡಿಯುತ್ತದೆಂದು ಹೆದರಬೇಕಿಲ್ಲ. ಹಿಂದಿನ ರಾತ್ರಿಯ ಹನ್ನೆರಡು ಗಂಟೆ ನಮ್ಮ ಶೀತಲಗೃಹದಲ್ಲಿ ಕಳೆದರೆ ಹನ್ನೆರಡೇ ಹೂವಿನ ಗಂಟೆ. ದೆಹಲಿಯ ಜನವರಿ ರಾತ್ರಿಯೂ ತಾನಾಗಿ ತಣ್ಣಗಿರುತ್ತದೆ. ಮಾರ್ಚಿಯಲ್ಲಿ ಕೆಟ್ಟದೆನಿಸಿದ ಅದೇ ಸಾದಾ ಕೋಣೆ ಜನವರಿಯಲ್ಲಿ ಅಷ್ಟು ಹಾನಿ ಮಾಡುವುದಿಲ್ಲ. ಅಲ್ಲಿ ಹೀಟರ್ ಹಾಕುತ್ತಾರೆಯೇ ಎಂಬುದನ್ನು ಮಾತ್ರ ದಲ್ಲಾಳಿಯನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಪೆಟ್ಟಿಗೆಯೊಳಗಿಟ್ಟರೆ ದಾರಿಯುದ್ದಕ್ಕೂ ಉಷ್ಣತೆಯನ್ನು ಬರೆದುಕೊಳ್ಳುವ ಬೆಂಕಿಪೊಟ್ಟಣದಷ್ಟು ಚಿಕ್ಕ ಉಪಕರಣಗಳು ಈಗ ದೊರೆಯುತ್ತವೆ. ಮೇಲೆ ಹೇಳಿದ ಬೆಳೆಗಾರರು ಅಂಥದೊಂದನ್ನು ಕೊಂಡು ವಾರಕ್ಕೊಂದು ಸಲ ಹೂವಿನ ನಡುವೆ ಇಟ್ಟು ಕಳುಹಿಸುತ್ತಾರೆ. ದಲ್ಲಾಳಿ ಅದನ್ನು ಅಂಚೆಯಲ್ಲಿ ಹಿಂದಿರುಗಿಸುತ್ತಾನೆ. ಹೋದ ಬಾರಿ ಬಂದಾಗ ಅದರ ರೇಖೆಯನ್ನು ಕಾಗದದ ಮೇಲೆ ತೆಗೆಸಿಕೊಂಡು ತಂದಿದ್ದರು. ಒಂದು ಕಡೆ ರೇಖೆ ಗುಡ್ಡದಂತೆ ಏರಿತ್ತು. ಅದು ವಿಮಾನವೂ ಅಲ್ಲ, ದೆಹಲಿಯೂ ಅಲ್ಲ. ವ್ಯಾನಿನ ಚಾಲಕ ದಾರಿಯಲ್ಲಿ ಊಟಕ್ಕೆಂದು ಮುಕ್ಕಾಲು ಗಂಟೆ ಬಿಸಿಲಿನಲ್ಲಿ ಗಾಡಿ ನಿಲ್ಲಿಸಿದ್ದ.